ಅಕ್ಷರ ಬಿದ್ದ ಬಂಡೆ

ನನ್ನ ಮಗಳು ಕರೆಮ್ಮ ಕ್ಷಯದಿಂದ ಸಾಯಲಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಹಾಗೆ ಬರೆದಿದ್ದಾರೆ. ಅದು ಸುಳ್ಳು. ಅವಳನ್ನು ಕೊಂದದ್ದು ಕಲ್ಲಿನ ಧೂಳು. ಆ ಧೂಳನ್ನು ಹದಿನಾಲ್ಕು ವರ್ಷ ಅವಳ ಎದೆಗೆ ತುಂಬಿದವರಲ್ಲಿ ನಾನೂ ಒಬ್ಬ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ತಪ್ಪನ್ನು ಬಚ್ಚಿಟ್ಟು ಬೇರೆಯವರ ತಪ್ಪು ಹೇಳಲು ಹೊರಟರೆ ನಾವು ನಡೆದುಕೊಳ್ಳುವ ದೇವರು, ತಿಂಥಣಿಯ ಮೋನಪ್ಪಯ್ಯ, ಮೆಚ್ಚುವುದಿಲ್ಲ.

ನನ್ನ ಹೆಸರು ಹುಲಗಪ್ಪ. ಶಹಾಪುರದಿಂದ ಸುರಪುರಕ್ಕೆ ಹೋಗುವ ದಾರಿಯಲ್ಲಿ ಎಡಕ್ಕೆ ಹೊರಳಿದರೆ ನಮ್ಮ ಊರು. ಊರಿನ ಹೊರಗೆ ನಮ್ಮ ಕೇರಿ. ಕೇರಿಯ ಹಿಂದೆ ಎರಡು ಗುಡ್ಡಗಳಿದ್ದವು. ಕರಿಗುಡ್ಡ, ಅವ್ವನಗುಡ್ಡ. ಈಗ ಅವ್ವನಗುಡ್ಡ ಒಂದೇ ಇದೆ. ಕರಿಗುಡ್ಡ ಇದ್ದ ಜಾಗದಲ್ಲಿ ಗುಂಡಿ ಇದೆ. ಗುಂಡಿಯಲ್ಲಿ ಹಸಿರು ನೀರು ನಿಂತಿದೆ. ಎಮ್ಮೆ ಬಿದ್ದರೆ ಮೇಲೆ ಬರುವುದಿಲ್ಲ.

ನಾವು ತಲೆತಲಾಂತರದಿಂದ ಕಲ್ಲು ಒಡೆಯುವವರು. ಹೊಸ ಗುಡ್ಡಕ್ಕೆ ಕೈ ಹಚ್ಚುವಾಗ ಮೊದಲ ಪೆಟ್ಟು ನಮ್ಮ ಮನೆಯ ಹಿರಿಯನದು. ಅವನು ಸ್ನಾನ ಮಾಡಿ, ಬರಿಗಾಲಲ್ಲಿ ಗುಡ್ಡ ಹತ್ತಿ, ತಪ್ಪಾಯಿತು ತಾಯಿ ಎಂದು ಮೂರು ಸಲ ಹೇಳಿ ಉಳಿಯ ಮೇಲೆ ಸುತ್ತಿಗೆ ಹೊಡೆಯಬೇಕು. ಅದಾಗುವವರೆಗೆ ಸುತ್ತಲಿನ ಏಳು ಹಳ್ಳಿಯ ಕಲ್ಲುಕೆಲಸದವರು ಸುತ್ತಿಗೆ ಎತ್ತುವುದಿಲ್ಲ. ಮೇಲುಕೇರಿಯವರು ನಮ್ಮನ್ನು ಗುಡಿಯೊಳಗೆ ಬಿಡುವುದಿಲ್ಲ. ಆದರೆ ಅವರ ಗುಡಿಯ ಕಲ್ಲಿಗೆ ಮೊದಲ ಪೆಟ್ಟು ಬಿದ್ದದ್ದು ನಮ್ಮ ಕೈಯಿಂದ.

ನಮ್ಮಲ್ಲಿ ಇನ್ನೊಂದು ಪದ್ಧತಿ ಇದೆ. ಅಕ್ಷರ ಬಿದ್ದ ಬಂಡೆಗೆ ನಾವು ಬೆಣೆ ಹೊಡೆಯುವುದಿಲ್ಲ. ನಾರಾಯಣಪುರದ ಕಾಲುವೆ ತೋಡುವಾಗ ನನಗೆ ಇಪ್ಪತ್ತೈದು ವರ್ಷ. ಕಾಲುವೆಯ ಮಗ್ಗುಲಿಗೆ ಹಾಸುವ ಚಪ್ಪಡಿ ಕರಿಗುಡ್ಡದ್ದು. ನಾನೂ ಅಪ್ಪನೂ ಒಡೆಯುತ್ತಿದ್ದೆವು. ಒಂದು ಬಂಡೆಯ ಮೇಲಿನ ಮಣ್ಣು ಸರಿಸಿದಾಗ ಹಳೆಯ ಕಾಲದ ನಾಲ್ಕು ಸಾಲು ಅಕ್ಷರ ಕಂಡವು. ಅಪ್ಪ ಸುತ್ತಿಗೆ ಕೆಳಗಿಟ್ಟ. ಎಂಜಿನಿಯರು ಬೈದ. ಅಪ್ಪ ಅಲುಗಲಿಲ್ಲ. ಎಂಜಿನಿಯರು ಬೂಟುಗಾಲಿಂದ ಒದ್ದ. ಅಪ್ಪ ಎದ್ದು ಪಕ್ಕದ ಬಂಡೆಗೆ ಹೋದ.

"ಅದರಾಗ ಏನು ಬರದದ ಗೊತ್ತೇನಪ್ಪಾ ನಿನಗ?" ಎಂದು ರಾತ್ರಿ ಉಣ್ಣುವಾಗ ಕೇಳಿದೆ.

"ನನಗೆಲ್ಲಿ ಓದಾಕ ಬರತದೋ. ಬರದಾಂವ ಕೈ ನೋಯಿಸ್ಕೊಂಡಾನ. ಅಷ್ಟು ಸಾಕು."

ಅಪ್ಪನಿಗೆ ಓದು ಬರುತ್ತಿರಲಿಲ್ಲ. ಆದ್ದರಿಂದಲೇ ನನ್ನನ್ನು ಏಳನೆಯ ತರಗತಿಯವರೆಗೆ ಓದಿಸಿದ. ನಮ್ಮನ್ನು ಶಾಲೆಯ ಹೊರಗಿನ ಕಟ್ಟೆಯ ಮೇಲೆ ಕೂಡಿಸುತ್ತಿದ್ದರು. ಕಿಟಕಿಯಿಂದ ಕೇಳಿ ಕಲಿತೆ. ಮುಂದೆ ಗೋರಿಕಲ್ಲುಗಳಿಗೆ ಹೆಸರು ಕೆತ್ತುವುದನ್ನೂ ಕಲಿತೆ.

ಕಾಲುವೆಗೆ ನೀರು ಬಂತು. ಕೆಳಗಿನ ಹೊಲಗಳಲ್ಲಿ ಭತ್ತ ನಿಂತಿತು. ನಮ್ಮ ಕೇರಿ ಎತ್ತರದಲ್ಲಿದೆ, ನೀರು ಹತ್ತುವುದಿಲ್ಲ ಎಂದರು. ನಮ್ಮ ಹೆಂಗಸರು ಕೊಡ ಹಿಡಿದು ಇಳಿದು ಹೋದರೆ ಭತ್ತದ ಗದ್ದೆಯ ಕಾವಲುಗಾರ ಕಲ್ಲು ಬೀಸುತ್ತಿದ್ದ. ಅವರು ಕಾಲಿಡುತ್ತಿದ್ದ ಚಪ್ಪಡಿ ಅವರ ಗಂಡಂದಿರು ಒಡೆದದ್ದು.

ಇಪ್ಪತ್ತು ವರ್ಷದ ಹಿಂದೆ ಕಂಪನಿ ಬಂತು. ಕರಿಗುಡ್ಡದ ಕಲ್ಲಿನಲ್ಲಿ ಕೆಂಪು ಎಳೆ ಇದೆ. ಪರದೇಶದಲ್ಲಿ ಅದಕ್ಕೆ ಬೆಲೆ ಎಂದರು. ನಮ್ಮ ಊರಿನ ಬಸವಂತರಾಯ ಗೌಡ ಕಂಪನಿಯ ಏಜೆಂಟನಾದ. ಅಂದು ಹಾಕಿದ ಪೆಂಡಾಲಿನಲ್ಲಿ ನಾನು ಇದ್ದೆ. ಕಲ್ಲು ಕೊಯ್ಯುವ ಕಾರಖಾನೆ ಇಲ್ಲೇ ಬರುತ್ತದೆ, ಪಾಲಿಶು ಇಲ್ಲೇ ಆಗುತ್ತದೆ, ಮನೆಗೊಂದು ನೌಕರಿ, ಊರಿಗೊಂದು ಆಸ್ಪತ್ರೆ ಎಂದು ಮೈಕಿನಲ್ಲಿ ಹೇಳಿದರು. ನಾನು ಚಪ್ಪಾಳೆ ಹೊಡೆದೆ. ಮೊದಲ ಪೆಟ್ಟು ಹಾಕಿದೆ.

ಕಾರಖಾನೆ ಬರಲಿಲ್ಲ. ಬಂಡೆಗಳು ಮನೆಯಷ್ಟು ಮನೆಯಷ್ಟು ಗಾತ್ರದಲ್ಲಿ, ಹಸಿಹಸಿಯಾಗಿ, ಲಾರಿ ಹತ್ತಿ ಬಂದರಿಗೆ ಹೋದವು. ನಮಗೆ ಉಳಿದದ್ದು ಕುಳಿ ಕೊರೆಯುವ ಕೆಲಸ.

ಓದು ಬರುತ್ತದೆಂದು ನನ್ನನ್ನು ಮೇಸ್ತ್ರಿ ಮಾಡಿದರು. ಕುಳಿ ಕೊರೆಯುವ ಮಿಷಿನ್ನು ಸುಲ್ತಾನಸಾಬನ ಕೈಯಲ್ಲಿ. ಅವನು ನಾನು ಒಂದೇ ಓರಗೆ. ಕುಳಿಯಿಂದ ಮೇಲೆ ಬರುವ ಪುಡಿಯನ್ನು ಕೈಯಿಂದ ಬಾಚುವ ಕೆಲಸ ನನ್ನ ಮಗಳದು. ಗಂಡ ಬಿಟ್ಟುಹೋದ ಮೇಲೆ ಅವಳು ನನ್ನ ಜೊತೆಗೇ ಇದ್ದಳು. ಮಿಷಿನ್ನು ಗುಡುಗುತ್ತಿತ್ತು. ಬಿಳಿ ಪುಡಿ ಹೊಗೆಯಂತೆ ಏಳುತ್ತಿತ್ತು. ಕರೆಮ್ಮ ಅದರ ಬಾಯಿಗೆ ಮುಖ ಕೊಟ್ಟು ಕೂಡುತ್ತಿದ್ದಳು. ಸಂಜೆ ಅವಳ ರೆಪ್ಪೆ ಬಿಳುಪು, ಹುಬ್ಬು ಬಿಳುಪು. ಮೂವತ್ತರೊಳಗೆ ಮುದುಕಿಯ ಹಾಗೆ ಕಾಣುತ್ತಿದ್ದಳು.

ಕುಳಿಗೆ ನೀರು ಬಿಟ್ಟುಕೊಂಡು ಕೊರೆದರೆ ಧೂಳು ಏಳುವುದಿಲ್ಲ. ಅದು ಕಂಪನಿಗೆ ಗೊತ್ತಿತ್ತು. ನೀರು ತರಿಸಬೇಕಾದರೆ ಟ್ಯಾಂಕರ್ ಬೇಕು. ಟ್ಯಾಂಕರ್ ಬದಲು ಕಂಪನಿ ಬೆಲ್ಲ ಕೊಟ್ಟಿತು.

ಹೌದು, ಬೆಲ್ಲ. ಸಂಜೆ ಕೆಲಸ ಬಿಟ್ಟಾಗ ತಲೆಗೊಂದು ಹೆಂಟೆ ಬೆಲ್ಲ. ಬೆಲ್ಲ ತಿಂದರೆ ಎದೆಯ ಧೂಳು ಇಳಿದುಹೋಗುತ್ತದೆ ಎಂದು ನಮ್ಮ ಹಿರಿಯರು ನಂಬಿದ್ದರು. ನಾನೂ ನಂಬಿದ್ದೆ. ಕಂಪನಿಯವರು ನಂಬಿರಲಿಲ್ಲ. ಆದರೆ ನಮ್ಮ ನಂಬಿಕೆ ಅವರಿಗೆ ಅಗ್ಗವಾಗಿ ಸಿಕ್ಕಿತು. ಹದಿನಾಲ್ಕು ವರ್ಷ ನಾನು ನನ್ನ ಕೈಯಾರೆ ಬೆಲ್ಲ ಹಂಚಿದೆ. ಯಾರಾದರೂ ಕೆಮ್ಮಿದರೆ ಇನ್ನೊಂದು ಹೆಂಟೆ ಕೊಟ್ಟೆ. ಮಗಳು ಕೆಮ್ಮಿದಾಗ ಎರಡು ಕೊಟ್ಟೆ. ಅವಳು ನನ್ನ ಮಾತು ನಂಬಿ ತಿಂದಳು.

ಕೇರಿಯಲ್ಲಿ ಒಬ್ಬೊಬ್ಬರೇ ಸಾಯತೊಡಗಿದರು. ದ್ಯಾವಪ್ಪ ಸತ್ತ. ಮರಿಲಿಂಗಮ್ಮ ಸತ್ತಳು. ನಲವತ್ತು ದಾಟಿದವರು ಅಪರೂಪವಾದರು. ಪಟ್ಟಣದ ಆಸ್ಪತ್ರೆಯಲ್ಲಿ ಎಲ್ಲರ ಚೀಟಿಯ ಮೇಲೂ ಒಂದೇ ಮಾತು: ಕ್ಷಯ. ಕರೆಮ್ಮನಿಗೂ ಎರಡು ವರ್ಷ ಕ್ಷಯದ ಗುಳಿಗೆ ನುಂಗಿಸಿದರು. ಅವಳು ಸೊರಗಿ ಕೊಡ ಎತ್ತಲಾರದಂತೆ ಆದಳು.

ಸುಲ್ತಾನಸಾಬನೇ ಹೈದರಾಬಾದಿಗೆ ಹೋಗೋಣವೆಂದ. ಅಲ್ಲಿ ಮಾತು ತಿಳಿಯಲು ಅವನು ಬೇಕಿತ್ತು. ಅವನೂ ಕೆಮ್ಮುತ್ತಲೇ ಬಂದ. ದೊಡ್ಡ ಆಸ್ಪತ್ರೆ. ಮಂಚ ಇರಲಿಲ್ಲ. ಕರೆಮ್ಮನನ್ನು ಪಡಸಾಲೆಯ ನೆಲದ ಮೇಲೆ ಮಲಗಿಸಿದರು. ನೆಲ ಕನ್ನಡಿಯಂತೆ ಹೊಳೆಯುತ್ತಿತ್ತು. ಅವಳು ಬೆರಳಿನಿಂದ ನೆಲ ಸವರಿದಳು.

"ಅಪ್ಪಾ, ಇದು ನಮ್ಮ ಕರಿಗುಡ್ಡ ಅದ ನೋಡು."

ನಾನು ಬಗ್ಗಿ ನೋಡಿದೆ. ಕೆಂಪು ಎಳೆ. ನಮ್ಮದೇ.

"ಎಷ್ಟು ಛಂದ ಮಾಡ್ಯಾರಲ್ಲಪ್ಪಾ," ಎಂದಳು.

ಆ ಕಲ್ಲನ್ನು ಚೆಂದ ಮಾಡಿದ ಕೈಗೆ ಎಲ್ಲೋ ಪಗಾರ ಸಿಕ್ಕಿದೆ. ಅದನ್ನು ಮಾರಿದವನು ಮನೆ ಕಟ್ಟಿಸಿದ್ದಾನೆ. ಅದರ ಮೇಲೆ ಆಸ್ಪತ್ರೆ ಎದ್ದಿದೆ. ಅದನ್ನು ಭೂಮಿಯಿಂದ ಎತ್ತಿಕೊಟ್ಟವಳು ಮಂಚವಿಲ್ಲದೆ ಅದರ ಮೇಲೆ ಬಿದ್ದಿದ್ದಳು.

ಡಾಕ್ಟರು ಬಂದು ಅವಳ ಬೆನ್ನ ಮೇಲೆ ಎರಡು ಬೆರಳಿಟ್ಟು ತಟ್ಟಿದ. ನನಗೆ ಆ ಸದ್ದು ಕೇಳಿತು. ಬಂಡೆ ಗಟ್ಟಿಯಿದ್ದರೆ ಸುತ್ತಿಗೆಗೆ ಗಂಟೆಯ ಹಾಗೆ ನುಡಿಯುತ್ತದೆ. ಒಳಗೆ ಒಡೆದಿದ್ದರೆ ಮಂಕಾಗಿ ಸದ್ದು ಮಾಡುತ್ತದೆ. ಐವತ್ತು ವರ್ಷ ನಾನು ಇದನ್ನೇ ಕೇಳಿ ಬದುಕಿದವನು. ಮಗಳ ಬೆನ್ನಿನಿಂದ ಬಂದದ್ದು ಮಂಕು ಸದ್ದು. ಡಾಕ್ಟರು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು.

ಡಾಕ್ಟರು ಸುಲ್ತಾನಸಾಬನಿಗೆ ಏನೋ ಹೇಳಿದ. ಸುಲ್ತಾನಸಾಬ ತಲೆ ತಗ್ಗಿಸಿದ.

"ಏನಂದ್ರೋ?"

"ಪತ್ಥರ್ ಕೀ ಧೂಲ್, ಕಲ್ಲಿನ ಧೂಳು ಅಂದ್ರು. ಕ್ಷಯ ಅಲ್ಲಂತ. ಎದಿಯಾಗ ಕಲ್ಲು ಕುಂತದಂತ. ಔಷಧ ಇಲ್ಲಂತ."

"ಹಂಗಾದ್ರ ಚೀಟಿ ಮ್ಯಾಲ ಬರದು ಕೊಡು ಅನ್ನು."

ಅವನು ಕೇಳಿದ. ಡಾಕ್ಟರು ಗಡಿಯಾರ ನೋಡಿದ. ಬರೆದರೆ ಕೋರ್ಟಿಗೆ ತಿರುಗಬೇಕಾಗುತ್ತದೆ ಎಂದ. ಹೋದ.

ಊರಿಗೆ ಕರೆತಂದ ಹದಿನೆಂಟು ದಿನಕ್ಕೆ ಅವಳು ತೀರಿಕೊಂಡಳು. ಕುಳಿತೇ ಸತ್ತಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಮಣ್ಣು ಮಾಡಿ ತಿಂಥಣಿಗೆ ನಡೆದುಹೋದೆ. ಮೋನಪ್ಪಯ್ಯನ ಮುಂದೆ ಕೂತು ಒಂದೇ ಮಾತು ಕೇಳಿಕೊಂಡೆ. ಅಯ್ಯಾ, ಈ ಕೈಯಿಂದ ಬೆಲ್ಲ ಕೊಟ್ಟೆನಲ್ಲ, ಈ ಕೈಯಿಂದ ಏನಾದರೂ ನಿಜವಾದ ಕೆಲಸ ಮಾಡಿಸು.

ಐವತ್ತು ದಿನ ಕಳೆದಿರಬೇಕು. ಬಸವಂತರಾಯ ಗೌಡ ನನ್ನ ಮನೆಗೆ ಬಂದ. ಎಂದೂ ಕೇರಿಗೆ ಕಾಲಿಟ್ಟವನಲ್ಲ. ಅಂಗಳದಲ್ಲೇ ನಿಂತ. ಕೈಯಲ್ಲಿ ಹೊಸ ಧೋತರ, ತೆಂಗಿನಕಾಯಿ.

"ಹುಲಗಪ್ಪನೋರ, ಆರಾಮ ಇದ್ದೀರಿ?"

ನಲವತ್ತು ವರ್ಷ ಅವನ ಬಾಯಲ್ಲಿ ನಾನು ಹುಲಗ್ಯಾ.

"ಮಗಳು ಸತ್ತಾಳ್ರಿ ಗೌಡ್ರ. ಆರಾಮ ಎಲ್ಲಿಂದ."

"ಗೊತ್ತಾತು. ಭಾಳ ಕೆಟ್ಟ ಅನಿಸ್ತು. ಕ್ಷಯ ಅಂದ್ರ ಹಂಗಽ."

ಅವನು ವಿಷಯಕ್ಕೆ ಬಂದ. ಅವ್ವನಗುಡ್ಡ ಕಂಪನಿಗೆ ಮಂಜೂರಾಗಿದೆ. ಸೋಮವಾರ ಪೂಜೆ. ಗಣಿ ಇಲಾಖೆಯ ದೊಡ್ಡ ಸಾಹೇಬರು ಬರುತ್ತಾರೆ. ಊರವರ ಒಪ್ಪಿಗೆಯೂ ಅಂದೇ. ಏಳು ಹಳ್ಳಿಯ ಆಳುಗಳು ನನ್ನ ಪೆಟ್ಟಿಲ್ಲದೆ ಏಳುವುದಿಲ್ಲ ಎನ್ನುತ್ತಿದ್ದಾರೆ.

"ಒಂದು ಪೆಟ್ಟು. ಅಷ್ಟಽ. ಆಮ್ಯಾಲ ನೀವು ಮನಿಯಾಗ ಕುಂತು ಉಣ್ರಿ."

"ಗೌಡ್ರ, ನನ್ನ ಮಗಳ ಚೀಟಿ ತಿದ್ದಿಸಿ ಕೊಡ್ರಿ. ಕಲ್ಲಿನ ಧೂಳಿಂದ ಸತ್ತಾಳ ಅಂತ ಬರಸ್ರಿ. ಬರ್ತೀನಿ."

ಗೌಡ ನಕ್ಕ. "ಅದು ಡಾಕ್ಟರ್ ಕೆಲಸ ಅಲ್ಲೇನು? ಇರಲಿ, ಸಾಹೇಬ್ರ ಮುಂದ ಹೇಳೂಣು. ಸೋಮವಾರ ಬರ್ರಿ."

ಧೋತರವನ್ನು ಕಟ್ಟೆಯ ಮೇಲೆ ಇಟ್ಟ. ನನ್ನ ಕೈಗೆ ಕೊಡಲಿಲ್ಲ. ಮುಟ್ಟಬೇಕಾಗುತ್ತದಲ್ಲ.

ಸೋಮವಾರ ಸ್ನಾನ ಮಾಡಿ ಹಳೆಯ ಧೋತರವನ್ನೇ ಉಟ್ಟು ಹೋದೆ. ಉಳಿ ಸುತ್ತಿಗೆ ಹೆಗಲಿಗೆ ಹಾಕಿಕೊಂಡೆ. ಗುಡ್ಡದ ಬುಡದಲ್ಲಿ ಪೆಂಡಾಲು. ಮೇಲೆ ಕುರ್ಚಿ, ಕೆಳಗೆ ನಾವು. ಹೊಸ ಮಿಷಿನ್ನು ತಂದಿದ್ದರು. ಸಾಹೇಬರಿಗೆ ತೋರಿಸಲೆಂದು ಪಕ್ಕದ ಹಾಳುಬಂಡೆಯ ಮೇಲೆ ಹಚ್ಚಿದರು. ಪುಡಿ ಎದ್ದು ಗಾಳಿಗೆ ಪೆಂಡಾಲಿನ ಕಡೆ ಬಂತು.

ಆಗ ಕಂಪನಿಯ ಒಬ್ಬ ಪೆಟ್ಟಿಗೆ ತೆರೆದು ಕುರ್ಚಿಯವರಿಗೆಲ್ಲ ಮೂಗು ಬಾಯಿ ಮುಚ್ಚುವ ಮುಚ್ಚಳ ಹಂಚಿದ. ಬಿಳಿಯ, ದಪ್ಪನೆಯ ಮಾಸ್ಕು. ಸಾಹೇಬ ಕಟ್ಟಿಕೊಂಡ. ಗೌಡ ಕಟ್ಟಿಕೊಂಡ. ಪೆಟ್ಟಿಗೆಯಲ್ಲಿ ಇನ್ನೂ ನೂರಾರು ಇದ್ದವು. ಪೆಟ್ಟಿಗೆ ಮುಚ್ಚಿದರು. ಕೆಳಗೆ ಕೂತ ನಮ್ಮ ಕಡೆಗೆ ಒಬ್ಬ ಬುಟ್ಟಿ ತಂದ. ಬುಟ್ಟಿಯಲ್ಲಿ ಬೆಲ್ಲ.

ಹದಿನಾಲ್ಕು ವರ್ಷ ನಾನು ಹಿಡಿದ ಬುಟ್ಟಿ ಅದು.

ಸಾಹೇಬ ಭಾಷಣ ಮಾಡಿದ. ಮಾಸ್ಕು ಗದ್ದಕ್ಕೆ ಇಳಿಸಿಕೊಂಡು ಮಾಡಿದ. "ಇದು ಬರೀ ಗುಡ್ಡ ಅಲ್ಲ. ದೇಶದ ಖನಿಜ ಸಂಪತ್ತು. ಇದು ನೆಲದೊಳಗೆ ಸುಮ್ಮನೆ ಬಿದ್ದಿದ್ದರೆ ಯಾರಿಗೂ ಪ್ರಯೋಜನವಿಲ್ಲ. ಹೊರಗೆ ಬಂದರೆ ದೇಶ ಬೆಳೆಯುತ್ತದೆ, ನೀವೂ ಬೆಳೆಯುತ್ತೀರಿ." ಆಮೇಲೆ ಒಬ್ಬ ಗುಮಾಸ್ತ ವರದಿ ಓದಿದ. ಕರಿಗುಡ್ಡದ ಗಣಿಯಿಂದ ಆದ ಅಭಿವೃದ್ಧಿ: ಹೆದ್ದಾರಿಯಲ್ಲಿ ಒಂದು ಸ್ವಾಗತ ಕಮಾನು. ಗಣಿಯಿಂದ ಆರೋಗ್ಯ ಕೆಟ್ಟವರು: ಸೊನ್ನೆ. ಗಣಿಯಿಂದ ಸತ್ತವರು: ಸೊನ್ನೆ.

"ಸೊನ್ನಿ?" ಹೆಂಗಸರ ಸಾಲಿನಿಂದ ಮಕ್ತುಂಬಿ ಎದ್ದಳು. ಸುಲ್ತಾನಸಾಬನ ಹೆಂಡತಿ. "ಏ ಯಪ್ಪಾ, ನನ್ನ ಗಂಡನ್ನ ನೋಡಿ ಓದು. ಹಾಸಿಗಿ ತನಾ ಹೋಗಾಕ ನಾಕು ಸಲ ಕುಂದರ್ತಾನ. ಇಂವ ಯಾವ ಸೊನ್ಯಾಗ ಬರ್ತಾನ?"

ಹೆಂಗಸರು ನಕ್ಕರು. ಸುಲ್ತಾನಸಾಬನೂ ನಕ್ಕ. ನಗು ಕೆಮ್ಮಾಯಿತು. ಬಹಳ ಹೊತ್ತು ನಿಲ್ಲಲಿಲ್ಲ.

"ಕುಂದರಬೇ ಮಕ್ತುಂಬಿ," ಎಂದು ಗೌಡ ಗದರಿದ. "ಕ್ಷಯಕ್ಕ ಕಂಪನಿ ಏನು ಮಾಡತದ?"

ನಾನು ಎದ್ದೆ.

"ಸಾಹೇಬ್ರ, ಒಂದು ಮಾತು ಕೇಳ್ತೀನಿ. ಜ್ವಾಳ ಕೊಯ್ದ್ರ ಮುಂದಿನ ವರ್ಷ ಮತ್ತ ಬೆಳೀತದ್ರಿ. ಗುಡ್ಡ ಕೊಯ್ದ್ರ ಬೆಳಿಯೂದಿಲ್ಲ. ಒಮ್ಮಿ ಹೋಗೂ ವಸ್ತು ಹೋಗೂ ಮುಂದ ಏನರ ಇಟ್ಟು ಹೋಗಬೇಕಲ್ರಿ? ಕರಿಗುಡ್ಡ ಏನು ಇಟ್ಟು ಹೋತು?"

"ರಾಜಧನ ಬಂದಿದೆ. ಅದು ಸರ್ಕಾರಕ್ಕೆ..."

"ಕಾರಖಾನಿ ಎಲ್ಲಿ? ಕಲ್ಲು ಕೊಯ್ಯೂದು, ಪಾಲಿಶು ಇಲ್ಲೇ ಅಂದಿದ್ರಿ. ನಮ್ಮ ಹುಡುಗೂರು ಆ ವಿದ್ಯಾ ಕಲೀತಿದ್ರು. ಗುಡ್ಡ ಹೋದ್ರೂ ವಿದ್ಯಾ ಇರತಿತ್ತು. ದವಾಖಾನಿ ಎಲ್ಲಿ? ಎದಿ ನೋಡೂ ಡಾಕ್ಟರ್ ಎಲ್ಲಿ? ನಾವು ಕಮಾನು ತಿನ್ನೂಣೇನ್ರಿ?"

"ನೋಡಿ ಯಜಮಾನರೇ, ದೇಶದ ಅಭಿವೃದ್ಧಿ ಅಂದರೆ ದೊಡ್ಡ ಲೆಕ್ಕ. ಒಂದು ಊರು, ಒಂದು ಕೇರಿ ಅಂತ ನೋಡಲಾಗುವುದಿಲ್ಲ."

"ನಮ್ಮ ಕೇರಿ ಯಾವ ದೇಶದಾಗ ಅದ್ರಿ?"

ಮೈಕು ಕಿರುಗುಟ್ಟಿತು. ಗೌಡ ಹಲ್ಲು ಕಚ್ಚಿ, "ಹುಲಗ್ಯಾ, ಸಾಕು ಮಾಡು. ಪೆಟ್ಟು ಹಾಕಿ ಇಳಿ," ಎಂದ. ಧೋತರ ಕೊಟ್ಟ ಮರ್ಯಾದೆ ನಾಲ್ಕೇ ದಿನಕ್ಕೆ ತೀರಿತು.

ನಾನು ಬುಟ್ಟಿಯವನ ಕೈಯಿಂದ ಬುಟ್ಟಿ ತೆಗೆದುಕೊಂಡು ವೇದಿಕೆ ಹತ್ತಿದೆ. ನಮ್ಮವರು ಯಾರೂ ಎಂದೂ ಹತ್ತದ ವೇದಿಕೆ. ಬುಟ್ಟಿಯನ್ನು ಸಾಹೇಬನ ಮುಂದೆ, ಮೇಜಿನ ಮೇಲೆ ಇಟ್ಟೆ.

"ಬೆಲ್ಲ ನೀವು ತಿನ್ರಿ. ಧೂಳು ಇಳೀತದಂತ. ಆ ಪೆಟಿಗ್ಯಾಗಿನ ಮುಚ್ಚಳ ನಮಗ ಕೊಡ್ರಿ."

ಒಬ್ಬರ ಕೈಯೂ ಬೆಲ್ಲಕ್ಕೆ ಹೋಗಲಿಲ್ಲ. ಪೆಟ್ಟಿಗೆಯನ್ನೂ ತೆರೆಯಲಿಲ್ಲ. ನಾನು ಇಳಿದು ಗುಡ್ಡ ಹತ್ತಿದೆ. ಬರಿಗಾಲು. ನೂರಾರು ಕಣ್ಣು ಬೆನ್ನ ಮೇಲೆ. ಗೌಡನ ಮುಖ ಅರಳಿತಂತೆ, ಮುದುಕ ದಾರಿಗೆ ಬಂದನೆಂದು. ಗುಡ್ಡದ ನೆತ್ತಿಯಲ್ಲಿ, ಕಂಪನಿಯವರು ಸುಣ್ಣದ ಗೆರೆ ಎಳೆದ ದೊಡ್ಡ ಬಂಡೆಯ ಮುಂದೆ ಕೂತೆ. ಅದನ್ನು ಬಿಚ್ಚದೆ ಗುಡ್ಡ ಬಿಚ್ಚುವುದಿಲ್ಲ. ಸುತ್ತಿಗೆಯಿಂದ ಒಮ್ಮೆ ತಟ್ಟಿದೆ. ಗಂಟೆಯಂತೆ ನುಡಿಯಿತು. ತಪ್ಪಾಯಿತು ತಾಯಿ ಎಂದೆ. ಮೂರು ಸಲ ಎಂದೆ.

ಬೆಣೆ ಕೂಡಿಸುವ ಕುಳಿ ಹೊಡೆಯಲಿಲ್ಲ. ಅಕ್ಷರ ಹೊಡೆದೆ. ಕ.

ಕೆಳಗಿನವರಿಗೆ ಮೊದಲು ತಿಳಿಯಲಿಲ್ಲ. ಒಂದು ಪೆಟ್ಟಿನ ಕೆಲಸಕ್ಕೆ ಮುದುಕ ಇಷ್ಟು ಹೊತ್ತು ಏನು ಮಾಡುತ್ತಿದ್ದಾನೆ ಎಂದು ಗೌಡ ಆಳು ಕಳಿಸಿದ. ಬಂದ ಆಳು ಅಂಬ್ರಪ್ಪ, ನಮ್ಮ ಕೇರಿಯವನೇ. ನೋಡಿದ. ತಿರುಗಿ ಕೆಳಗೆ ಕೂಗಿ ಹೇಳಿದ.

"ಗೌಡ್ರ, ಅಕ್ಷರ ಬಿದ್ದಾವ್ರಿ! ಇನ್ನ ನಮ್ಮ ಕೈಲೆ ಆಗೂದಿಲ್ರಿ!"

ಏಳು ಹಳ್ಳಿಯವರು ಸುತ್ತಿಗೆಗಳನ್ನು ನೆಲಕ್ಕೆ ಇಟ್ಟರು. ಒಂದರ ಹಿಂದೆ ಒಂದು ಸದ್ದು ಕೇಳಿತು. ನಾನು ತಲೆ ಎತ್ತಲಿಲ್ಲ. ಕಲ್ಲು ಗಟ್ಟಿಯಿತ್ತು. ಕರೆಮ್ಮ ಎಂದು ಮುಗಿಸುವಾಗ ಹೊತ್ತು ಇಳಿದಿತ್ತು. ಅದರ ಕೆಳಗೆ, ಯಾವ ಡಾಕ್ಟರೂ ಬರೆಯದ ಮಾತು ಬರೆಯಲು ಇನ್ನೆರಡು ದಿನ ಹಿಡಿಯಿತು: ಕಲ್ಲಿನ ಧೂಳಿನಿಂದ ಸತ್ತಳು.

ಮೂರನೆಯ ದಿನ ಜನ ಬಂದರು. ದ್ಯಾವಪ್ಪನ ಹೆಂಡತಿ ಬಂದಳು. ಮರಿಲಿಂಗಮ್ಮನ ಮಕ್ಕಳು ಬಂದರು. ಹೆಸರು ಹೇಳಿದರು. ಕೆತ್ತಿದೆ. ನೀರು ತಂದು ಬಂಡೆಗೆ ಸುರಿದರು, ಧೂಳು ಏಳದಂತೆ. ಅದೇ ಕೆಲಸ, ಇಪ್ಪತ್ತು ವರ್ಷ ಕಂಪನಿಯಿಂದ ಆಗದ ಕೆಲಸ, ಕೇರಿಯ ಹೆಂಗಸರು ತಲೆಯ ಮೇಲೆ ಕೊಡ ಹೊತ್ತು ಮಾಡಿದರು.

ನನ್ನ ಮೇಲೆ ಕೇಸಾಗಿದೆ. ದೇಶದ ಖನಿಜ ಸಂಪತ್ತಿಗೆ ಹಾನಿ ಮಾಡಿದೆನಂತೆ. ಒಂದು ಗುಡ್ಡವನ್ನೇ ನುಂಗಿದವರ ಮೇಲೆ ಕೇಸಿಲ್ಲ. ಎರಡು ಬೆರಳು ಅಗಲದ ಅಕ್ಷರ ಕೆತ್ತಿದವನ ಮೇಲೆ ಕೇಸು. ಆಗಲಿ. ಕೋರ್ಟಿನಲ್ಲಿ ನನ್ನ ತಪ್ಪೇನೆಂದು ಗಟ್ಟಿಯಾಗಿ ಓದಬೇಕಾಗುತ್ತದೆ. ಓದಲಿ.

ಗೌಡ ಒಂದು ದಿನ ಗುಡ್ಡಕ್ಕೆ ಬಂದ. ಏದುಸಿರು ಬಿಡುತ್ತಿದ್ದ.

"ನಿಮ್ಮ ಆಳು ಇಲ್ಲಂದ್ರ ಗುಡ್ಡ ಒಡಿಯೂದಿಲ್ಲ ಅಂದ್ಕೊಂಡೀಯೇನು? ಹೊರಗಿಂದ ತರ್ತೀನಿ. ದೊಡ್ಡ ಮಿಷಿನ್ ತರ್ತೀನಿ. ಅದಕ್ಕ ಯಾವ ಪದ್ಧತಿ ಇಲ್ಲ."

"ತರ್ರಿ ಗೌಡ್ರ. ಒಡಸ್ರಿ. ಆದ್ರ ಒಡಿಯೂ ಮುಂದ ಒಂದೊಂದು ಹೆಸರು ಓದಿ ಒಡಸ್ರಿ."

ಅವನು ಬಂಡೆಯ ಕಡೆ ನೋಡಲಿಲ್ಲ. ಇಳಿದು ಹೋದ. ಮಿಷಿನ್ನು ಬರುತ್ತದೆಯೋ ಇಲ್ಲವೋ ನನಗೆ ತಿಳಿಯದು. ಹನ್ನೊಂದು ಹೆಸರು ಮುಗಿದಿವೆ. ಉಳಿ ಮೊಂಡಾಗಿದೆ, ಮೂರು ಸಲ ಕುಲುಮೆಗೆ ಕೊಟ್ಟು ತಟ್ಟಿಸಿದ್ದೇನೆ.

ನಿನ್ನೆ ಸುಲ್ತಾನಸಾಬ ಮೇಲೆ ಬಂದ. ಮಕ್ತುಂಬಿ ಕೈ ಹಿಡಿದಿದ್ದಳು. ಎಂಟು ಸಲ ಕೂತು, ಎಂಟು ಸಲ ಎದ್ದು ಬಂದ. ಹೆಸರುಗಳನ್ನು ಬೆರಳಿನಿಂದ ಮುಟ್ಟಿ ನೋಡಿದ.

"ಏ ಹುಲಗಪ್ಪ, ನಂದೂ ಬರದುಬಿಡು. ಮತ್ತ ಯಾಕ ಉಳಿ ಹೊತ್ಕೊಂಡು ಹತ್ತತಿ."

"ಬದುಕಿದ್ದಾವ್ರ ಹೆಸರು ಬರಿಯೂದಿಲ್ಲ ಹೋಗಲೇ."

"ಹಂಗಾದ್ರ ಜಾಗ ಹಿಡದಿಡು. ಗೌಡ ಅದನ್ನೂ ಕಂಪನಿಗೆ ಬರದು ಕೊಟ್ಟಾನು."

ಮಕ್ತುಂಬಿ ಅವನ ಬೆನ್ನಿಗೆ ಒಂದು ಏಟು ಕೊಟ್ಟಳು. ಸಾವಿನ ಮಾತಾಡಿದ್ದಕ್ಕೆ. ಮೆಲ್ಲಗೆ ಕೊಟ್ಟಳು. ಆದರೂ ಸದ್ದು ನನಗೆ ಕೇಳಿತು.

ಮಂಕು ಸದ್ದು.

ಅವರು ಇಳಿದು ಹೋದ ಮೇಲೆ ಕರೆಮ್ಮನ ಹೆಸರಿನ ಪಕ್ಕದಲ್ಲಿ ಐದು ಅಕ್ಷರದಷ್ಟು ಜಾಗ ಅಳೆದು, ಗೆರೆ ಎಳೆದು ಬಿಟ್ಟಿದ್ದೇನೆ. ಉಳಿ ಹಚ್ಚಿಲ್ಲ.